‘ದಿ ಲಾಂಗ್ ನೈಟ್’: ನಿಮಗೆ ಹಿಡಿಸಿದ ಸೀನ್ ಯಾವುದು, ಹಿಡಿಸದ ಸೀನ್ ಯಾವುದು?

ಕೋಟೆಬೆಟ್ಟ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದವರು ಸೇರಿಕೊಂಡು ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಯನ್ನು ಮೊದಲಿಂದ ಮತ್ತೆ ನೋಡುತ್ತಾ ಬಂದಿದ್ದೇವೆ. ಈಗ ಎಂಟನೇ ಸೀಸನ್‌ನ ಮೂರನೇ ಎಪಿಸೋಡ್‌ಗೆ ಬಂದು ನಿಂತಿದ್ದೇವೆ. ಇನ್ನೂ ನೋಡದವರು ಇದನ್ನು ಓದಬೇಡಿ. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಲ್ಲ ಇಲ್ಲಿ ಬರುತ್ತದೆ.

ಇದು 82 ನಿಮಿಷದ ಎಪಿಸೋಡ್, ಹೆಸರು ‘ದಿ ಲಾಂಗ್ ನೈಟ್’. ಸತ್ತವರನ್ನು ಎಬ್ಬಿಸಿ ಸೈನ್ಯ ಕಟ್ಟಿದ ನೈಟ್ ಕಿಂಗ್ ವಿಂಟರ್‌ಫೆಲ್ ಕೋಟೆ ಮೇಲೆ ಬರುತ್ತಾನೆ; ಜಾನ್, ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ಮತ್ತು ಅವರ ಕಡೆಯವರು ತಡೆಯುತ್ತಾರೆ. ನಿರ್ದೇಶಕ ಮಿಗೆಲ್ ಸಪೋಚ್ನಿಕ್. ಹಿಂದಿನ ಸೀಸನ್‌ಗಳ ‘ಹಾರ್ಡ್‌ಹೋಮ್’, ‘ಬ್ಯಾಟಲ್ ಆಫ್ ದಿ ಬಾಸ್ಟರ್ಡ್ಸ್’ ಎಪಿಸೋಡ್ ಮಾಡಿದ್ದೂ ಇದೇ ಮನುಷ್ಯ. ಹೊರಾಂಗಣದ ಯುದ್ಧಕ್ಕೆ ಉತ್ತರ ಐರ್ಲೆಂಡಿನಲ್ಲಿ 55 ರಾತ್ರಿ ಶೂಟಿಂಗ್ ನಡೆಸಿದ್ದರು. ಅಮೆರಿಕದಲ್ಲಿ 2019ರ ಏಪ್ರಿಲ್ 28ರ ರಾತ್ರಿ ಬಂತು. ನಮಗೆ ಅದು 29ರ ಬೆಳಿಗ್ಗೆ ಆರೂವರೆ, ಸೋಮವಾರ.

ನನ್ನ ಮಾತು ಮೊದಲು ಹೇಳಿಬಿಡುತ್ತೇನೆ. ಈ ಎಪಿಸೋಡ್‌ನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಸೀನ್ ಮತ್ತು ಅತಿ ಹೆಚ್ಚು ಬೇಸರ ತರಿಸಿದ ಸೀನ್ ಎರಡೂ ಒಂದೇ. ಡೆನೇರಿಸ್ ಜೊತೆ ಬಂದ ಕುದುರೆ ಸವಾರರ ಜನಾಂಗ ಡೊತ್ರಾಕಿಗಳ ಕುದುರೆ ದಾಳಿ.

ನೆನಪಿದೆಯಲ್ವಾ? ಎಲ್ಲರೂ ಕತ್ತಲಲ್ಲಿ ನಿಂತು ಕಾಯುತ್ತಿದ್ದಾರೆ. ಮಂತ್ರ ಬಲ್ಲ ಮೆಲಿಸಾಂಡ್ರಾ ಒಬ್ಬಳೇ ಕುದುರೆ ಮೇಲೆ ಬರುತ್ತಾಳೆ. ಒಬ್ಬ ಸವಾರನ ಬಾಗಿದ ಕತ್ತಿ ಮುಟ್ಟಿ ಮಂತ್ರ ಹೇಳುತ್ತಾಳೆ. ಅವನ ಕತ್ತಿಗೆ ಬೆಂಕಿ ಹತ್ತುತ್ತದೆ, ಅಲ್ಲಿಂದ ಇಡೀ ಸಾಲಿಗೆ ಹಬ್ಬುತ್ತದೆ. ಆಮೇಲೆ ಎಲ್ಲರೂ ಕೂಗುತ್ತಾ ಕತ್ತಲೊಳಗೆ ನುಗ್ಗುತ್ತಾರೆ. ನಾವು ವಿಂಟರ್‌ಫೆಲ್ ಕಡೆಯಿಂದ ನೋಡುತ್ತಿರುತ್ತೇವೆ. ಬೆಂಕಿಯ ಚುಕ್ಕೆಗಳು ದೂರ ಹೋಗುತ್ತವೆ. ಕೂಗು ಸಣ್ಣದಾಗುತ್ತದೆ. ನಂತರ ಒಂದೊಂದೇ ದೀಪ ಆರುತ್ತದೆ. ಅಲ್ಲಿ ಏನಾಯಿತು ಅಂತ ಕ್ಯಾಮೆರಾ ಹೋಗಿ ತೋರಿಸುವುದಿಲ್ಲ. ತೋರಿಸಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ. ನಮ್ಮ ಕೋಟೆಬೆಟ್ಟದ ಮೇಲಿಂದ ರಾತ್ರಿ ಊರಾಚೆ ಕಣ್ಣು ಹಾಯಿಸಿದವರಿಗೆ ಗೊತ್ತು, ಬಯಲಲ್ಲಿ ದೂರದ ಒಂದು ದೀಪ ಆರಿದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ಇಲ್ಲಿ ಪ್ರತಿ ದೀಪದ ಹಿಂದೆ ಒಬ್ಬ ಮನುಷ್ಯ ಇದ್ದ.

ಹಿಡಿಸದೇ ಇದ್ದದ್ದು ಯಾಕೆ ಅಂದರೆ, ಆ ದಾಳಿಗೆ ಕಾರಣವೇ ಇಲ್ಲ. ಎದುರಿಗೆ ಯಾರಿದ್ದಾರೆ ಅಂತ ಕಾಣದೇ ಇದ್ದಾಗ ಕುದುರೆ ಪಡೆಯನ್ನು ಮೊದಲು ಬಿಡುವವರು ಯಾರು? ಆರ್ಯಾ, ಜಾನ್, ಟಿರಿಯನ್, ಜೇಮಿ ಎಲ್ಲ ಕೂತು ಮಾಡಿದ ಪ್ಲಾನ್ ಇದು. ಒಂದು ಒಳ್ಳೆ ಚಿತ್ರ ಸಿಗಲಿ ಅಂತ ಒಂದು ಜನಾಂಗವನ್ನೇ ಕಳಿಸಿಬಿಟ್ಟರು ಅನ್ನಿಸಿತು. ಮೇಲಾಗಿ ಆ ಸತ್ತ ಡೊತ್ರಾಕಿಗಳ ಬಗ್ಗೆ ಆಮೇಲೆ ಹೆಚ್ಚು ಮಾತೇ ಇಲ್ಲ. ಮುಂದಿನ ಎಪಿಸೋಡ್‌ಗಳಲ್ಲಿ ನೋಡಿದರೆ ಸಾಕಷ್ಟು ಜನ ಉಳಿದೇ ಇರುತ್ತಾರೆ. ಹಾಗಾದರೆ ಆ ಆರಿದ ದೀಪಗಳಿಗೆ ಅರ್ಥ ಏನು?

ಇದು ನನ್ನದು. ಸುಮ್ನೆ ‘ಸೂಪರ್’, ‘ವೇಸ್ಟ್’ ಅಂತ ಬರೆದು ಹೋಗಬೇಡಿ. ಯಾವ ಸೀನ್, ಯಾಕೆ ಅಂತ ಬರೆಯಿರಿ.

ಮೂರನೇ_ಶಿಫ್ಟ್

ಅಣ್ಣಾ, ದೀಪ ಆರುವ ಸೀನ್ ಬಗ್ಗೆ ನಾನೂ ಅದನ್ನೇ ಹೇಳಬೇಕು ಅಂತಿದ್ದೆ.

ನಾನು ತೋರಣಗಲ್ಲಿನವನು, ಕೆಲಸ ಫ್ಯಾಕ್ಟರಿಯಲ್ಲಿ. ಆ ಸೋಮವಾರ ರಾತ್ರಿ ಪಾಳಿ ಮುಗಿಸಿ ರೂಮಿಗೆ ಬಂದು ನೋಡಿದ್ದು. ಏಪ್ರಿಲ್ ಕೊನೆ, ಎಂಟು ಗಂಟೆಗೇ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಕಿಟಕಿಗೆ ದಪ್ಪ ಚಾದರ ಕಟ್ಟಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ ಕೂತಿದ್ದೆವು. ಆದರೂ ಫೋನ್ ಪರದೆ ಮೇಲೆ ನನ್ನ ಮುಖವೇ ಜಾಸ್ತಿ ಕಾಣುತ್ತಿತ್ತು. ಹಾಗಾಗಿ ನನಗೆ ಹಿಡಿಸದ್ದು ಡ್ರ್ಯಾಗನ್‌ಗಳ ಜಗಳ. ಯಾವುದು ಡ್ರೋಗನ್, ಯಾವುದು ರೇಗಲ್, ಯಾವುದು ಸತ್ತು ಎದ್ದ ವಿಸೇರಿಯನ್, ಯಾರು ಯಾರನ್ನು ಕಚ್ಚಿದರು, ಒಂದೂ ತಿಳಿಯಲಿಲ್ಲ. ಎಂಟು ಸೀಸನ್ ಕಾದದ್ದು ಆ ಜಗಳಕ್ಕೆ. ಕೊಟ್ಟಿದ್ದು ಬರೀ ರೆಕ್ಕೆ ಸದ್ದು.

ಹಿಡಿಸಿದ್ದು ಲೈಬ್ರರಿ ಸೀನ್. ಹೊರಗೆ ಅಷ್ಟು ಗದ್ದಲ ನಡೆಯುತ್ತಿರುತ್ತದೆ. ಆರ್ಯಾ ಒಳಗೆ ಬಂದ ಕೂಡಲೇ ಸದ್ದೇ ಇಲ್ಲ. ಪುಸ್ತಕದ ಕಪಾಟುಗಳ ಮಧ್ಯೆ ಹೆಣಗಳು ಸುಮ್ಮನೆ ಓಡಾಡುತ್ತಿವೆ. ಅವಳು ಮೇಜಿನ ಕೆಳಗೆ ತೆವಳುತ್ತಾಳೆ. ತಲೆಯ ಗಾಯದಿಂದ ಒಂದು ಹನಿ ರಕ್ತ ನೆಲಕ್ಕೆ ಬೀಳುತ್ತದೆ. ಆ ಹನಿಯ ಸದ್ದಿಗೆ ಒಂದು ಹೆಣ ತಿರುಗಿ ನೋಡುತ್ತದೆ. ಸಾವಿರಾರು ಜನರ ಯುದ್ಧದಲ್ಲಿ ನನ್ನ ಎದೆ ಡವಡವ ಅಂದದ್ದು ಆ ಒಂದು ಹನಿಗೆ. ಅವಳು ಹೊರಗೆ ಎಷ್ಟು ಚೆನ್ನಾಗಿ ಕಾದಾಡಿದ್ದಳು! ಒಳಗೆ ಬಂದಾಗ ಹೆದರಿದ ಹುಡುಗಿ. ಅವಳಿಗೂ ಭಯ ಆಗುತ್ತದೆ ಅಂತ ತೋರಿಸಿದ್ದಕ್ಕೇ ಕೊನೆಗೆ ಅವಳು ಗೆದ್ದಾಗ ಖುಷಿ ಆಯಿತು.

ಮುದಗಲ್_ಹುಡುಗ

ಬಳ್ಳಾರಿ ಅಣ್ಣ ಪ್ಲಾನ್ ಬಗ್ಗೆ ಎತ್ತಿದ ಮಾತನ್ನು ಪೂರ್ತಿ ಮಾಡುತ್ತೇನೆ. ನಾನು ಬೆಳೆದದ್ದು ಕೋಟೆ ಗೋಡೆಯ ಪಕ್ಕದಲ್ಲೇ. ನನಗೆ ಈ ಎಪಿಸೋಡ್ ನೋಡುವಾಗ ಹೊಟ್ಟೆ ಉರಿದದ್ದು ಅವರು ನಿಂತ ಜಾಗಕ್ಕೆ.

ಸಾಲು ನೋಡಿ. ಎಲ್ಲರಿಗಿಂತ ಮುಂದೆ ಡೊತ್ರಾಕಿ ಕುದುರೆಗಳು. ಅವುಗಳ ಹಿಂದೆ ಕಲ್ಲು ಎಸೆಯುವ ಕವಣೆ ಯಂತ್ರಗಳು. ಅವುಗಳ ಹಿಂದೆ ಡೆನೇರಿಸ್‌ನ ಅನ್‌ಸಲೀಡ್ ಪಡೆ ಮತ್ತು ಉತ್ತರದವರು, ಎಲ್ಲ ಕಾಲಾಳುಗಳು. ಅವರ ಹಿಂದೆ ಕಂದಕ. ಕಂದಕದ ಹಿಂದೆ ಗೋಡೆ. ಅಂದರೆ ಸೈನ್ಯ ಕಂದಕದ ಆಚೆ, ಶತ್ರು ಬರುವ ಕಡೆ ನಿಂತಿದೆ! ದೂರಕ್ಕೆ ಎಸೆಯುವ ಯಂತ್ರಗಳು ಕಾಲಾಳುಗಳ ಮುಂದೆ, ಯಾರ ರಕ್ಷಣೆಯೂ ಇಲ್ಲದೆ ನಿಂತಿವೆ. ಒಂದಿಷ್ಟು ಎಸೆದರು, ಅಲ್ಲಿಗೆ ಮುಗಿಯಿತು.

ಮುದಗಲ್ ಕೋಟೆಗೆ ಬಂದು ನೋಡಿ. ಮೊದಲು ನೀರಿನ ಕಂದಕ, ಆಮೇಲೆ ಹೊರಗೋಡೆ, ಆಮೇಲೆ ಒಳಗೋಡೆ. ಶತ್ರು ಕಂದಕ ದಾಟಲು ಒದ್ದಾಡುವಾಗ ಗೋಡೆ ಮೇಲಿನವರು ಹೊಡೆಯಬೇಕು. ಕಂದಕ ಇರುವುದೇ ಅದಕ್ಕೆ. ವಿಂಟರ್‌ಫೆಲ್‌ನಲ್ಲಿ ತಮ್ಮವರೇ ಹಿಂದಕ್ಕೆ ಬರಲು ಕಂದಕ ಅಡ್ಡ ಆಯಿತು. ಅನ್‌ಸಲೀಡ್ ಉಳಿದವರನ್ನು ಒಳಗೆ ಕಳಿಸಲು ತಾವು ಹೊರಗೆ ನಿಂತು ಸತ್ತರು.

ಕುದುರೆ ದಾಳಿಯ ಬಗ್ಗೆ ಹೇಳುವಾಗ ನಮ್ಮದೇ ಜಿಲ್ಲೆಯ ಕತೆ ಹೇಳಬೇಕು. 1520ರ ರಾಯಚೂರು ಯುದ್ಧ. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣಾ ನದಿ ದಾಟಿ ಬಂದ. ಅವನ ಹತ್ತಿರ ಫಿರಂಗಿಗಳು ಜಾಸ್ತಿ. ವಿಜಯನಗರದ ಮುಂದಿನ ಸಾಲು ನುಗ್ಗಿದಾಗ ಫಿರಂಗಿ ಏಟಿಗೆ ಬಹಳ ಜನ ಸತ್ತರು, ಉಳಿದವರು ಹಿಂದಕ್ಕೆ ಓಡಿಬಂದರು. ಇಲ್ಲಿಯವರೆಗೆ ಡೊತ್ರಾಕಿ ಕತೆಯೇ. ಆದರೆ ಕೃಷ್ಣದೇವರಾಯನ ಹಿಂದೆ ಇನ್ನೂ ಸೈನ್ಯ ಇತ್ತು. ತಾನೇ ಕುದುರೆ ಏರಿ ಉಳಿದ ಪಡೆಯನ್ನು ಕೂಡಿಸಿಕೊಂಡು ನುಗ್ಗಿದ. ಆದಿಲ್ ಶಾಹನ ಸೈನ್ಯ ನದಿಯವರೆಗೂ ಹಿಮ್ಮೆಟ್ಟಿತು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಇದನ್ನು ವಿವರವಾಗಿ ಬರೆದಿದ್ದಾನೆ.

ಆಮೇಲೆ ಕೋಟೆ ಹಿಡಿದದ್ದು ಇನ್ನೂ ಚೆನ್ನಾಗಿದೆ. ಫಿಗೆರೆದೊ ಅನ್ನುವ ಪೋರ್ಚುಗೀಸ್‌ನವನ ಜೊತೆ ಕೋವಿ ಹಿಡಿದವರಿದ್ದರು. ಅವರು ಕೆಳಗಿಂದ ಗುರಿ ಇಟ್ಟು, ಗೋಡೆ ಮೇಲೆ ತಲೆ ಎತ್ತಿದವರನ್ನು ಹೊಡೆಯುತ್ತಿದ್ದರು. ಆ ಹೊತ್ತಲ್ಲಿ ಉಳಿದವರು ಗೋಡೆಯ ಕಲ್ಲು ಕೀಳುತ್ತಿದ್ದರು. ಏನಾಗುತ್ತಿದೆ ಅಂತ ಬಗ್ಗಿ ನೋಡಿದ ಕೋಟೆಯ ನಾಯಕನ ಹಣೆಗೇ ಗುಂಡು ಬಿತ್ತು. ಕೋಟೆ ಶರಣಾಯಿತು. ಯಾರು ಏನು ಮಾಡಬೇಕು, ಯಾಕೆ ಮಾಡಬೇಕು ಅನ್ನುವುದು ಎಷ್ಟು ಸ್ಪಷ್ಟ ಇದೆ ನೋಡಿ. ಐನೂರು ವರ್ಷದ ಹಿಂದಿನ ಬರಹ ಓದಿದರೂ ಯುದ್ಧ ಕಣ್ಣಿಗೆ ಕಟ್ಟುತ್ತದೆ. ಟಿವಿಯಲ್ಲಿ ನೋಡಿದ್ದು ಕಟ್ಟಲಿಲ್ಲ.

ಹಿಡಿಸಿದ ಸೀನ್ ಅಂದರೆ ಕಂದಕಕ್ಕೆ ಬೆಂಕಿ ಹಚ್ಚುವುದು. ಡಾವೊಸ್ ಪಂಜು ಬೀಸಿ ಸನ್ನೆ ಮಾಡುತ್ತಾನೆ. ಹಿಮಗಾಳಿಯಲ್ಲಿ ಡೆನೇರಿಸ್‌ಗೆ ಕಾಣುವುದಿಲ್ಲ. ಬೆಂಕಿ ಬಾಣ ಬಿಟ್ಟರೂ ಹತ್ತುವುದಿಲ್ಲ. ಮೆಲಿಸಾಂಡ್ರಾ ಮರದ ಗೂಟ ಹಿಡಿದು ಮಂತ್ರ ಹೇಳುತ್ತಾಳೆ, ಮತ್ತೆ ಹೇಳುತ್ತಾಳೆ, ಏನೂ ಆಗುವುದಿಲ್ಲ. ಅವಳ ಮುಖದಲ್ಲಿ ದಿಗಿಲು ಕಾಣುತ್ತದೆ. ಹೆಣಗಳು ಮೈಮೇಲೆ ಬಂದೇಬಿಟ್ಟವು ಅನ್ನುವಾಗ ಹತ್ತುತ್ತದೆ. ಅದಾದ ಮೇಲೆ ಹೆಣಗಳು ಒಂದರ ಮೇಲೊಂದು ಬಿದ್ದು ಬೆಂಕಿಯ ಮೇಲೆ ಸೇತುವೆ ಆಗುತ್ತವಲ್ಲ, ಅದು ನಿಜವಾದ ಯುದ್ಧ ಬುದ್ಧಿ. ಆ ರಾತ್ರಿ ಬುದ್ಧಿ ಉಪಯೋಗಿಸಿದ ಸೇನಾಪತಿ ನೈಟ್ ಕಿಂಗ್ ಒಬ್ಬನೇ.

ಕೌಲ್‌ಬಜಾರ್_ದರ್ಜಿ

ನನ್ನದು ಚಿಕ್ಕದು. ಉತ್ತರದ ಚಿಕ್ಕ ಹುಡುಗಿ ನಾಯಕಿ ಲಿಯಾನಾ ಮಾರ್ಮಂಟ್. ಅಷ್ಟೇ.

ಅಷ್ಟುದ್ದದ ಸತ್ತ ದೈತ್ಯ ಬಾಗಿಲು ಮುರಿದು ಬರುತ್ತಾನೆ. ಒಂದು ಏಟಿಗೆ ಅವಳು ಆಚೆ ಹೋಗಿ ಬೀಳುತ್ತಾಳೆ. ಎದ್ದು ಮತ್ತೆ ಅವನ ಕಡೆಗೇ ಓಡುತ್ತಾಳೆ. ಅವನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಾನೆ, ಎಲುಬು ಮುರಿಯುವ ಸದ್ದು ನಮಗೆ ಕೇಳುತ್ತದೆ. ಮುಖದ ಹತ್ತಿರ ಎತ್ತಿದಾಗ ಕಣ್ಣಿಗೆ, ಹೆಣಗಳನ್ನು ಕೊಲ್ಲಬಲ್ಲ ಡ್ರ್ಯಾಗನ್‌ಗ್ಲಾಸ್ ಚುಚ್ಚುತ್ತಾಳೆ. ನಮ್ಮ ಜೀನ್ಸ್ ಯೂನಿಟ್‌ನಲ್ಲಿ ಮಿಷನ್ ನಿಲ್ಲಿಸಿ ಎಲ್ಲರೂ ನೋಡಿದ್ದೆವು. ಹೆಣ್ಣುಮಕ್ಕಳೆಲ್ಲ ಕೂಗಿದರು, ಆಮೇಲೆ ಕಣ್ಣು ಒರೆಸಿಕೊಂಡರು. ಬೆಲ್ಲಾ ರಾಮ್ಸಿ ಆರನೇ ಸೀಸನ್‌ನಲ್ಲಿ ಆ ಪಾತ್ರಕ್ಕೆ ಬಂದಾಗ ಇನ್ನೂ ಚಿಕ್ಕ ಹುಡುಗಿ. ಅವಳು ಕೊನೆವರೆಗೂ ಉಳಿದದ್ದು ಅವಳ ತಾಕತ್ತಿನಿಂದ.

ಹಿಡಿಸದ್ದು ಜಾನ್‌ನ ಗೆಳೆಯ ಸ್ಯಾಮ್. ಹೆಣದ ರಾಶಿ ಮೇಲೆ ಬಿದ್ದು ಅಳುತ್ತಾ ಇದ್ದವನು ಹೇಗೆ ಬದುಕಿದ? ಅವನನ್ನು ಉಳಿಸಲು ಹೋಗಿ ಎಡ್ ಸತ್ತ. ಎಡ್‌ಗೆ ಒಂದು ನಿಮಿಷ ಕೂಡ ಕೊಡಲಿಲ್ಲ ಇವರು. ಮೊದಲ ಸೀಸನ್‌ಗಳಿಂದ ಉತ್ತರದ ಗಡಿಗೋಡೆ ಕಾದ ಮನುಷ್ಯ ಅವನು.

ಸಿಂಧನೂರು_ಟೀಚರ್

ಮುದಗಲ್ ತಮ್ಮಾ, ನೀನು ಬರೆದದ್ದು ಖುಷಿಯಿಂದ ಓದಿದೆ. ಆದರೆ ಒಂದು ವಿಷಯ ಬಿಟ್ಟಿದ್ದೀಯ. ಅವರ ಪ್ಲಾನ್ ಗೆಲ್ಲುವುದಕ್ಕೆ ಮಾಡಿದ್ದೇ ಅಲ್ಲ. ಹಿಂದಿನ ಎಪಿಸೋಡ್‌ನಲ್ಲೇ ಜಾನ್ ಹೇಳುತ್ತಾನೆ, ಸತ್ತವರ ಸೈನ್ಯವನ್ನು ನೇರವಾಗಿ ಸೋಲಿಸಲು ಆಗುವುದಿಲ್ಲ ಅಂತ. ನೈಟ್ ಕಿಂಗ್ ಆರ್ಯಾಳ ತಮ್ಮ ಬ್ರಾನ್‌ನನ್ನು ಹುಡುಕಿಕೊಂಡು ಬರುವವರೆಗೆ ಹೊತ್ತು ಕಳೆಯಬೇಕಿತ್ತು. ಡ್ರ್ಯಾಗನ್‌ಗಳು ಅಲ್ಲಿಯವರೆಗೆ ಕಾಯಬೇಕಿತ್ತು. ಡೊತ್ರಾಕಿಗಳು ಸತ್ತದ್ದನ್ನು ನೋಡಿ ಡೆನೇರಿಸ್‌ಗೆ ತಡೆಯಲಾಗಲಿಲ್ಲ. ಜಾನ್ ಬೇಡ ಅಂದರೂ ಡ್ರ್ಯಾಗನ್ ಏರಿ ಹೋದಳು. ಪ್ಲಾನ್ ಕೆಟ್ಟದ್ದು ಅಲ್ಲಿ. ಅವರು ಇವಳನ್ನು ನಂಬಿ ಸಮುದ್ರ ದಾಟಿ ಬಂದವರು. ಹಾಗಾಗಿ ಆ ದಾಳಿಗೆ ಕತೆಯಲ್ಲಿ ಕೆಲಸ ಇದೆ ಅಂತ ನನಗೆ ಅನ್ನಿಸುತ್ತದೆ. ಕಂದಕದ ವಿಷಯದಲ್ಲಿ ಮಾತ್ರ ನಿನ್ನ ಮಾತೇ ಸರಿ.

ನನಗೆ ಹಿಡಿಸಿದ್ದು ಥಿಯಾನ್‌ನ ಕೊನೆ. ಈ ಎಪಿಸೋಡ್‌ನಲ್ಲಿ ನಾನು ಅತ್ತದ್ದು ಅಲ್ಲೊಂದೇ.

ಅವನು ಏನೇನು ಮಾಡಿದ್ದ ಅಂತ ಎಲ್ಲರಿಗೂ ಗೊತ್ತು. ಸಾಕಿದ ಮನೆಗೇ ದ್ರೋಹ ಮಾಡಿದ. ವಿಂಟರ್‌ಫೆಲ್ ಹಿಡಿದ, ಇಬ್ಬರು ಹುಡುಗರನ್ನು ಸುಟ್ಟು ಬ್ರಾನ್ ಮತ್ತು ರಿಕನ್ ಅಂತ ತೋರಿಸಿದ. ಆಮೇಲೆ ಅವನು ಅನುಭವಿಸಿದ್ದು ಯಾರಿಗೂ ಬೇಡ. ಈಗ ಅದೇ ಬ್ರಾನ್‌ನ ಮುಂದೆ ಬಿಲ್ಲು ಹಿಡಿದು ನಿಂತಿದ್ದಾನೆ. ಬಾಣ ಮುಗಿಯಿತು. ಜೊತೆಯವರೆಲ್ಲ ಸತ್ತರು. ನೈಟ್ ಕಿಂಗ್ ಎದುರಿಗೆ ಬಂದು ನಿಂತ. ಆಗ ಬ್ರಾನ್ ಅವನಿಗೆ ನೀನು ಒಳ್ಳೆಯವನು ಅಂತ ಹೇಳಿ ಥ್ಯಾಂಕ್ಸ್ ಹೇಳುತ್ತಾನೆ. ಅದು ಬೀಳ್ಕೊಡುಗೆ ಅಂತ ಥಿಯಾನ್‌ಗೆ ಗೊತ್ತು. ಕಣ್ಣು ತುಂಬಿಕೊಂಡು ಈಟಿ ಎತ್ತಿ ಓಡುತ್ತಾನೆ. ಗೆಲ್ಲುವುದಿಲ್ಲ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಆಲ್ಫಿ ಆಲೆನ್ ಮುಖ ನೋಡಿ ಆ ಹೊತ್ತಲ್ಲಿ. ಅವನಿಗೆ ಎಮ್ಮಿ ನಾಮನಿರ್ದೇಶನ ಬಂದದ್ದು ಸುಮ್ನೆ ಅಲ್ಲ.

ನನ್ನ ಕ್ಲಾಸಿನಲ್ಲಿ ತಪ್ಪು ಮಾಡಿದ ಮಕ್ಕಳಿರುತ್ತಾರೆ. ಊರೆಲ್ಲ ಅವರಿಗೊಂದು ಹೆಸರು ಇಟ್ಟುಬಿಟ್ಟಿರುತ್ತದೆ. ಯಾರಾದರೂ ಒಬ್ಬರು ‘ನೀನು ಒಳ್ಳೆಯವನಪ್ಪಾ’ ಅಂದರೆ ಅವರ ಮುಖ ಹೇಗೆ ಆಗುತ್ತದೆ ಅಂತ ನಾನು ನೋಡಿದ್ದೇನೆ. ಅದಕ್ಕೇ ಇರಬೇಕು ಆ ಸೀನ್ ನನ್ನನ್ನು ಇಷ್ಟು ಹಿಡಿದದ್ದು.

ಹಿಡಿಸದ್ದು ಕ್ರಿಪ್ಟ್, ಅಂದರೆ ಕೋಟೆಯ ನೆಲದಡಿಯ ಸಮಾಧಿ ಜಾಗ. ಎದುರಿಗಿರುವವನು ಸತ್ತವರನ್ನು ಎಬ್ಬಿಸುವವನು. ಹೆಂಗಸರು ಮಕ್ಕಳನ್ನೆಲ್ಲ ತಂದು ಸಮಾಧಿಗಳ ಮಧ್ಯೆ ಇಟ್ಟು ‘ಇಲ್ಲಿ ಏನೂ ಆಗಲ್ಲ’ ಅಂದರು. ನೈಟ್ ಕಿಂಗ್ ಕೈ ಎತ್ತಿದರೆ ಸತ್ತವರು ಏಳುತ್ತಾರೆ ಅಂತ ಜಾನ್‌ಗೆ ಹಾರ್ಡ್‌ಹೋಮ್‌ನಿಂದಲೇ ಗೊತ್ತಿತ್ತು! ಸಾನ್ಸಾ ಮತ್ತು ಟಿರಿಯನ್ ಕಲ್ಲಿನ ಹಿಂದೆ ಕೂತು ಒಬ್ಬರನ್ನೊಬ್ಬರು ನೋಡಿ, ಅವನು ಅವಳ ಕೈಗೆ ಮುತ್ತಿಡುವ ಆ ಕ್ಷಣ ಚಿನ್ನದಂಥದ್ದು. ಆದರೆ ಅಷ್ಟು ಚೆನ್ನಾಗಿ ಸಾಯಲು ಸಿದ್ಧರಾದವರು ಆಮೇಲೆ ಏನು ಮಾಡಿದರು? ನಮಗೆ ತೋರಿಸಲೇ ಇಲ್ಲ. ಹೆಸರಿದ್ದ ಯಾರಿಗೂ ಅಲ್ಲಿ ಒಂದು ಗೀರೂ ಆಗಲಿಲ್ಲ.

ಗಂಗಾವತಿ_ಭತ್ತ

ಟೀಚರಮ್ಮಾ, ಥಿಯಾನ್ ಬಗ್ಗೆ ನಿಮ್ಮ ಮಾತಿಗೆ ಕೈ ಮುಗಿದೆ.

ಆದರೆ ಎಲ್ಲರೂ ದೊಡ್ಡ ವಿಷಯ ಬಿಟ್ಟು ಸುತ್ತ ಓಡಾಡುತ್ತಿದ್ದೀರಿ. ನೈಟ್ ಕಿಂಗ್‌ನನ್ನು ಆರ್ಯಾ ಕಠಾರಿಯಿಂದ ಕೊಂದಳು, ಆದರೆ ಕೊಲ್ಲಬೇಕಾದವನು ಜಾನ್. ಈ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಐದನೇ ಸೀಸನ್‌ನ ಹಾರ್ಡ್‌ಹೋಮ್ ನೆನಪಿಸಿಕೊಳ್ಳಿ. ಜಾನ್ ದೋಣಿಯಲ್ಲಿ ನಿಂತಿದ್ದಾನೆ. ದಡದಲ್ಲಿ ನೈಟ್ ಕಿಂಗ್. ಇವನ ಕಣ್ಣಲ್ಲಿ ಕಣ್ಣಿಟ್ಟು ಎರಡೂ ಕೈ ಎತ್ತುತ್ತಾನೆ. ಅಷ್ಟೊತ್ತು ಸತ್ತವರೆಲ್ಲ ಎದ್ದು ನಿಲ್ಲುತ್ತಾರೆ. ಅಲ್ಲಿ ಇವರಿಬ್ಬರ ಮಧ್ಯೆ ಒಂದು ಲೆಕ್ಕ ಶುರುವಾಯಿತು. ಜಾನ್ ಸತ್ತು ಬದುಕಿ ಬಂದದ್ದು ಯಾಕೆ? ಊರೂರು ತಿರುಗಿ, ನಂಬದವರಿಗೆಲ್ಲ ಬುದ್ಧಿ ಹೇಳಿ, ಸೈನ್ಯ ಕೂಡಿಸಿದವನು ಅವನು. ಈ ಎಪಿಸೋಡ್‌ನಲ್ಲೂ ನೈಟ್ ಕಿಂಗ್ ಹಿಂದೆ ಒಬ್ಬನೇ ಓಡುತ್ತಾನೆ. ಅವನು ತಿರುಗಿ ನೋಡಿ ಮತ್ತೆ ಕೈ ಎತ್ತುತ್ತಾನೆ. ನನ್ನ ಮೈ ಜುಮ್ ಅಂತು. ಈಗ ಲೆಕ್ಕ ಮುಗಿಯುತ್ತೆ ಅಂದುಕೊಂಡೆ. ಮುಗಿಯಲಿಲ್ಲ. ಕೊನೆಗೆ ಜಾನ್‌ಗೆ ಸಿಕ್ಕಿದ್ದು ಸತ್ತ ಡ್ರ್ಯಾಗನ್ ಎದುರು ನಿಂತು ಕೂಗುವ ಕೆಲಸ.

ಆರ್ಯಾ ನನಗೂ ಇಷ್ಟ. ಆದರೆ ಅವಳಿಗೂ ನೈಟ್ ಕಿಂಗ್‌ಗೂ ಏನು ಸಂಬಂಧ? ಅವನನ್ನು ಅವಳು ಅದಕ್ಕೂ ಮುಂಚೆ ನೋಡಿಯೇ ಇರಲಿಲ್ಲ. ಜಾನ್ ಆಗಿ ನಟಿಸಿದ ಕಿಟ್ ಹ್ಯಾರಿಂಗ್ಟನ್ ಕೂಡ ಅದು ತನ್ನ ಪಾಲಿಗೇ ಬರುತ್ತೆ ಅಂದುಕೊಂಡಿದ್ದಾಗಿ ಹೇಳಿದ್ದಾನೆ. ನಟನಿಗೇ ಹಾಗೆ ಅನ್ನಿಸಿದರೆ ನಮ್ಮಂಥ ನೋಡುಗರ ಕತೆ ಏನು?

ನನಗೆ ಹಿಡಿಸಿದ್ದು ಡ್ರ್ಯಾಗನ್ ಬೆಂಕಿಯೊಳಗಿಂದ ನೈಟ್ ಕಿಂಗ್ ನಗುವ ಕ್ಷಣ. ಡೆನೇರಿಸ್ ಪೂರ್ತಿ ಬೆಂಕಿ ಸುರಿಯುತ್ತಾಳೆ. ಹೊಗೆ ಸರಿದಾಗ ಅವನು ಅಲ್ಲೇ ನಿಂತಿದ್ದಾನೆ, ತುಟಿ ಸ್ವಲ್ಪ ಓರೆ ಆಗುತ್ತದೆ. ಮಾತೇ ಆಡದ ಪಾತ್ರ ಅದು.

ಸಿಂಧನೂರು_ಟೀಚರ್

ಗಂಗಾವತಿ ಅಣ್ಣಾ, ಸಂಬಂಧ ಇಲ್ಲ ಅಂದರೆ ಹೇಗೆ? ಕಠಾರಿಯ ದಾರಿ ಹಿಡಿದು ನೋಡಿ.

ಮೊದಲ ಸೀಸನ್‌ನಲ್ಲಿ ಬ್ರಾನ್‌ನನ್ನು ಕೊಲ್ಲಲು ಬಂದವನ ಕೈಯಲ್ಲಿ ಇದ್ದದ್ದು ಅದೇ ವಲೇರಿಯನ್ ಉಕ್ಕಿನ ಕಠಾರಿ. ಏಳನೇ ಸೀಸನ್‌ನಲ್ಲಿ ಲಿಟಲ್‌ಫಿಂಗರ್ ಅದನ್ನು ಬ್ರಾನ್‌ಗೆ ಕೊಟ್ಟ. ಬ್ರಾನ್ ಆರ್ಯಾಗೆ ಕೊಟ್ಟ. ಎಲ್ಲಿ ಕೊಟ್ಟ? ದೇವರ ತೋಪಿನಲ್ಲಿ, ಆ ಬಿಳಿ ಮರದ ಕೆಳಗೆ. ನೈಟ್ ಕಿಂಗ್ ಸತ್ತದ್ದೂ ಅಲ್ಲೇ. ಅದೇ ಎಪಿಸೋಡ್‌ನಲ್ಲಿ ಅವಳು ಬ್ರಿಯೆನ್ ಜೊತೆ ಕತ್ತಿ ವರಸೆ ಮಾಡುವಾಗ ಕಠಾರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾಳೆ. ನೈಟ್ ಕಿಂಗ್ ಅವಳ ಕುತ್ತಿಗೆ ಹಿಡಿದಾಗ ಮಾಡಿದ್ದು ಅದೇ ವರಸೆ. ಮೂರನೇ ಸೀಸನ್‌ನಲ್ಲಿ ಮೆಲಿಸಾಂಡ್ರಾ ಅವಳ ಕೈಯಿಂದ ಮುಚ್ಚುವ ಕಣ್ಣುಗಳ ಬಗ್ಗೆ ಹೇಳಿದ್ದಳು, ಅದರಲ್ಲಿ ನೀಲಿಯೂ ಇತ್ತು.

ಇಷ್ಟು ವರ್ಷ ಅವಳು ಕಲಿತದ್ದೆಲ್ಲ ಸದ್ದಿಲ್ಲದೆ ಹತ್ತಿರ ಹೋಗುವುದನ್ನು. ಮೊದಲ ಗುರು ಸಿರಿಯೊ ಹೇಳಿಕೊಟ್ಟದ್ದೂ ಅದೇ, ‘ಮುಖವಿಲ್ಲದವರು’ ಅನ್ನುವ ಕೊಲೆಗಾರರ ಗುಂಪು ಹೇಳಿಕೊಟ್ಟದ್ದೂ ಅದೇ. ನೈಟ್ ಕಿಂಗ್ ಎದುರಿಗೆ ಕತ್ತಿ ಹಿಡಿದು ಯಾರು ಹೋದರೂ ಗೆಲ್ಲುತ್ತಿರಲಿಲ್ಲ. ಜಾನ್ ಹೋಗಿದ್ದರೂ ಅಷ್ಟೇ.

ಗಂಗಾವತಿ_ಭತ್ತ

ಕಠಾರಿಯ ದಾರಿ ಒಪ್ಪಿದೆ ಅಕ್ಕಾ. ವರಸೆಯ ವಿಷಯ ನಾನು ಗಮನಿಸಿರಲಿಲ್ಲ, ಅದು ನಿಜವಾಗಿ ಚೆನ್ನಾಗಿದೆ. ಆದರೆ ಬರೆದವರೇ ಏನು ಹೇಳಿದ್ದಾರೆ? ಕೊಲ್ಲುವವಳು ಆರ್ಯಾ ಅಂತ ತಮಗೆ ಸುಮಾರು ಮೂರು ವರ್ಷದಿಂದ ಗೊತ್ತಿತ್ತು ಅಂದಿದ್ದಾರೆ. ಎಪಿಸೋಡ್ ಬಂದದ್ದು 2019ರಲ್ಲಿ. ಮೆಲಿಸಾಂಡ್ರಾ ಕಣ್ಣಿನ ಮಾತು ಹೇಳಿದ್ದು 2013ರಲ್ಲಿ. ಅಂದರೆ ಹಳೆಯ ಮಾತನ್ನು ಆಮೇಲೆ ಹುಡುಕಿ ಜೋಡಿಸಿಕೊಂಡರು. ಜೋಡಣೆ ಚೆನ್ನಾಗಿರಬಹುದು. ಆದರೆ ಜಾನ್‌ಗೆ ಬರಬೇಕಾದ ಬಾಕಿ ಬಾಕಿಯೇ ಉಳಿಯಿತು.

ಅವಳೇ ಕೊಲ್ಲಲಿ ಬೇಕಾದರೆ. ಜಾನ್ ಆ ತೋಪಿನವರೆಗೆ ಬಂದು, ಒಂದು ಕ್ಷಣ ನೈಟ್ ಕಿಂಗ್‌ನ ಕಣ್ಣು ತನ್ನ ಕಡೆ ತಿರುಗಿಸಿದ್ದರೂ ಸಾಕಿತ್ತು. ಅಣ್ಣ ತಂಗಿ ಇಬ್ಬರೂ ಸೇರಿ ಮಾಡಿದ ಕೆಲಸ ಆಗುತ್ತಿತ್ತು.

ಸಿಂಧನೂರು_ಟೀಚರ್

ಹಾಗೆ ಮಾಡಿದ್ದರೆ ನನಗೂ ಸಂತೋಷ ಆಗುತ್ತಿತ್ತು. ಆ ಮಾತಿಗೆ ಎದುರು ಹೇಳಲ್ಲ.

ಕಿನ್ನಾಳ_ಬಣ್ಣ

ತಡವಾಗಿ ಬಂದೆ, ಕ್ಷಮಿಸಿ. ನಮ್ಮದು ಕೊಪ್ಪಳದ ಕಿನ್ನಾಳ. ಮನೆಯಲ್ಲಿ ಗೊಂಬೆಗೆ ಬಣ್ಣ ಹಾಕುವ ಕೆಲಸ. ಹಾಗಾಗಿ ನಾನು ಬೆಳಕು ಮತ್ತು ಬಣ್ಣದ ಬಗ್ಗೆ ಮಾತ್ರ ಮಾತಾಡುತ್ತೇನೆ.

‘ಕತ್ತಲು ಜಾಸ್ತಿ ಆಯ್ತು’ ಅಂತ 2019ರಲ್ಲಿ ಪ್ರಪಂಚವೇ ದೂರಿತ್ತು. ಕ್ಯಾಮೆರಾ ಕೆಲಸ ಮಾಡಿದ ಫೇಬಿಯನ್ ವ್ಯಾಗ್ನರ್ ಅದಕ್ಕೆ ಉತ್ತರ ಕೊಟ್ಟಿದ್ದರು. ತಾವು ತೆಗೆದದ್ದು ಸರಿಯಾಗೇ ಇದೆ, ಜನರ ಟಿವಿ ಸೆಟ್ಟಿಂಗ್ ಸರಿಯಿಲ್ಲ ಅನ್ನುವುದು ಅವರ ಮಾತಿನ ಸಾರ. ನನಗೆ ಆ ಉತ್ತರ ಸಮಾಧಾನ ತರಲಿಲ್ಲ.

ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಆಟ ನೋಡಿದ್ದೀರಾ? ಅಲ್ಲಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಆಟ ನಡೆಯುವುದೇ ರಾತ್ರಿ. ಬಯಲು ಪೂರ್ತಿ ಕತ್ತಲು. ಬಿಳಿ ಪರದೆ, ಅದರ ಹಿಂದೆ ದೀಪ, ಮಧ್ಯೆ ಬಣ್ಣ ಹಾಕಿದ ತೊಗಲು. ಕುಂಭಕರ್ಣ ಬಿದ್ದರೂ, ಲಂಕೆ ಸುಟ್ಟರೂ ಕೊನೆಯ ಸಾಲಿನಲ್ಲಿ ಕೂತ ಮುದುಕಿಗೂ ಯಾರು ಯಾರು ಅಂತ ತಿಳಿಯುತ್ತದೆ. ಯಾಕೆ? ಪ್ರತಿ ಗೊಂಬೆಗೂ ಬೇರೆ ಅಂಚು, ಬೇರೆ ಬಣ್ಣ. ಬೆಳಕು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರುತ್ತದೆ. ಆಡಿಸುವವರು ಒಂದು ಗೊಂಬೆಯನ್ನು ಪರದೆಯಿಂದ ಸ್ವಲ್ಪ ಹಿಂದೆ ಎಳೆದರೆ ಅದು ಮಸುಕಾಗುತ್ತದೆ, ಮುಂದೆ ಒತ್ತಿದರೆ ಚೂಪಾಗುತ್ತದೆ. ನಮ್ಮ ಕಣ್ಣು ಎಲ್ಲಿ ಇರಬೇಕು ಅಂತ ಅವರು ಹೇಳುತ್ತಾರೆ.

ಈ ಎಪಿಸೋಡ್‌ನಲ್ಲಿ ಯಾವ ಸೀನ್‌ಗಳು ಎಲ್ಲರಿಗೂ ನೆನಪಿವೆ ನೋಡಿ. ಬೆಂಕಿ ಕತ್ತಿಗಳು. ಕಂದಕದ ಬೆಂಕಿ. ಮೋಡದ ಮೇಲೆ ಬೆಳದಿಂಗಳಲ್ಲಿ ಎರಡು ಡ್ರ್ಯಾಗನ್‌ಗಳು ತೇಲುವುದು. ಎಲ್ಲ ಕಡೆ ಬೆಳಕು ಒಂದು ಕಡೆಯಿಂದ ಬರುತ್ತದೆ, ಕಪ್ಪು ಅಂಚು ಸ್ಪಷ್ಟ ಇದೆ. ಯಾವುದು ನೆನಪಿಲ್ಲ? ಗೋಡೆಯ ಮೇಲಿನ ಕಾದಾಟ, ಹಿಮಗಾಳಿಯೊಳಗಿನ ಡ್ರ್ಯಾಗನ್ ಜಗಳ. ಅಲ್ಲಿ ಬೂದು ಮೇಲೆ ಬೂದು. ಬ್ರಿಯೆನ್, ಜೇಮಿ, ಪಾಡ್ರಿಕ್ ಗೋಡೆಗೆ ಬೆನ್ನು ಕೊಟ್ಟು ನಿಂತಾಗ ಮೂವರಲ್ಲಿ ಯಾರ ಮೇಲೆ ಹೆಣ ಬಿತ್ತು ಅಂತ ಹೇಳಿ ನೋಡೋಣ. ಒಂದೇ ಎಪಿಸೋಡ್‌ನಲ್ಲಿ, ಅದೇ ಕ್ಯಾಮೆರಾದವರು, ಕತ್ತಲನ್ನು ಅಷ್ಟು ಚೆನ್ನಾಗಿ ತೋರಿಸಿದ್ದಾರೆ. ಹಾಗಿದ್ದ ಮೇಲೆ ತಪ್ಪು ನಮ್ಮ ಟಿವಿಯದ್ದು ಅಂತ ಪೂರ್ತಿ ಒಪ್ಪಲು ಆಗುವುದಿಲ್ಲ.

ಹಿಡಿಸಿದ್ದು ಇನ್ನೊಂದಿದೆ, ಯಾರೂ ಹೇಳಲಿಲ್ಲ. ಪಿಯಾನೋ. ಕೊನೆಯ ಭಾಗದಲ್ಲಿ ಕತ್ತಿಯ ಸದ್ದು, ಕೂಗು ಎಲ್ಲ ಹಿಂದೆ ಸರಿದು ರಾಮಿನ್ ಜವಾದಿಯ ಪಿಯಾನೋ ಒಂದೇ ಉಳಿಯುತ್ತದೆ. ಆರನೇ ಸೀಸನ್ ಕೊನೆಯ ಎಪಿಸೋಡ್‌ನಲ್ಲಿ ಸರ್ಸಿ ದೇವಾಲಯ ಸ್ಫೋಟಿಸುವ ಮುಂಚೆ ಪಿಯಾನೋ ಬಂದಿತ್ತು. ಆಗ ಅದು ಬಂದದ್ದೇ ಎಲ್ಲರೂ ಸಾಯುವ ಮುಂಚೆ. ಹಾಗಾಗಿ ಇಲ್ಲಿ ಮೊದಲ ಸ್ವರ ಕೇಳಿದ ಕೂಡಲೇ ಎಲ್ಲ ಮುಗಿಯಿತು ಅನ್ನಿಸಿಬಿಡುತ್ತದೆ.

ಕೋಟೆಬೆಟ್ಟ_ಬಳ್ಳಾರಿ

ಅಕ್ಕಾ, ಬೂದು ಮೇಲೆ ಬೂದು ಅಂದದ್ದು ನೂರಕ್ಕೆ ನೂರು ಸರಿ. ನನಗೆ ಏನೋ ಕಿರಿಕಿರಿ ಇತ್ತು, ಯಾವುದು ಅಂತ ಹೇಳಲು ಬಂದಿರಲಿಲ್ಲ.

ದರ್ಜಿ ಅಣ್ಣನ ಸ್ಯಾಮ್ ಮಾತಿಗೆ ಒಂದು ಸೇರಿಸುತ್ತೇನೆ. ಸಪೋಚ್ನಿಕ್ ಆಮೇಲೆ ಒಂದು ಸಂದರ್ಶನದಲ್ಲಿ ತನಗೆ ಇನ್ನೂ ಬಹಳ ಜನರನ್ನು ಸಾಯಿಸಬೇಕು ಅಂತಿತ್ತು ಅಂದಿದ್ದಾನೆ. ಡೆನೇರಿಸ್‌ನ ನಂಬಿಕಸ್ಥ ಜೋರಾನನ್ನು ಮೊದಲ ಕುದುರೆ ದಾಳಿಯಲ್ಲೇ ಸಾಯಿಸುವ ಆಸೆ ಇತ್ತಂತೆ. ಬರೆದವರು ಒಪ್ಪಲಿಲ್ಲ. ಹಾಗೆ ಆಗಿದ್ದರೆ ನೋಡಿ! ಆರಿದ ದೀಪಗಳಲ್ಲಿ ಒಂದು ಜೋರಾನದು ಆಗಿರುತ್ತಿತ್ತು. ನಾನು ಮೊದಲು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತಿತ್ತು. ದಾಳಿಯಿಂದ ಜೋರಾ ವಾಪಸ್ ಬಂದ, ಜಾನ್‌ನ ತೋಳ ಘೋಸ್ಟ್ ಕೂಡ ಮುಂದಿನ ಎಪಿಸೋಡ್‌ನಲ್ಲಿ ಬಂತು. ನಮಗೆ ಹೆಸರು ಗೊತ್ತಿದ್ದವರೆಲ್ಲ ಬಂದರು, ಹೆಸರು ಗೊತ್ತಿಲ್ಲದವರು ಮಾತ್ರ ಹೋದರು. ನನ್ನ ಬೇಸರದ ಬೇರು ಅಲ್ಲಿದೆ.

ಆದರೂ ಜೋರಾ ಡೆನೇರಿಸ್‌ಗೆ ಅಡ್ಡ ನಿಂತು ಸತ್ತದ್ದು, ಡ್ರೋಗನ್ ಬಂದು ರೆಕ್ಕೆ ಸುತ್ತಿಕೊಂಡು ಪಕ್ಕದಲ್ಲಿ ಮಲಗಿದ್ದು ಕಳೆದುಕೊಳ್ಳಲು ನನಗೆ ಇಷ್ಟ ಇಲ್ಲ.

ಮುದಗಲ್_ಹುಡುಗ

ಅಣ್ಣಾ, ಜೋರಾ ಆ ದಾಳಿಯಲ್ಲಿ ಸತ್ತಿದ್ದರೆ ಟೀಚರ್ ಹೇಳಿದ್ದಕ್ಕೂ ಬಲ ಬರುತ್ತಿತ್ತು. ಡೆನೇರಿಸ್ ಪ್ಲಾನ್ ಮುರಿದು ಹಾರಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ. ಆಗ ಕಂದಕ ಎಲ್ಲಿದ್ದರೂ ನಾನು ಸುಮ್ಮನಿರುತ್ತಿದ್ದೆ.

ಮೂರನೇ_ಶಿಫ್ಟ್

ಮತ್ತೆ ನೋಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಅಂಗಡಿಯಿಂದ ತಂದ ಟಿವಿಯಲ್ಲಿ ‘ವಿವಿಡ್’ ಅಥವಾ ‘ಡೈನಾಮಿಕ್’ ಮೋಡ್ ಇದ್ದರೆ ಅದನ್ನು ‘ಸಿನಿಮಾ’ ಅಥವಾ ‘ಮೂವಿ’ ಮೋಡ್‌ಗೆ ಬದಲಾಯಿಸಿ. ರೂಮಿನ ಬೆಳಕಿಗೆ ತಕ್ಕಂತೆ ತಾನೇ ಬ್ರೈಟ್‌ನೆಸ್ ಬದಲಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಚಲನೆ ನುಣುಪು ಮಾಡುವ ಸೆಟ್ಟಿಂಗ್ ಕೂಡ ಆಫ್. ರಾತ್ರಿ ದೀಪ ಆರಿಸಿ ನೋಡಿ.

ಕಪ್ಪು ಜಾಗದಲ್ಲಿ ಚೌಕ ಚೌಕ ಕಾಣುತ್ತದಲ್ಲ, ಅದಕ್ಕೆ ಕಾರಣ ಬೇರೆ. ಇಂಟರ್ನೆಟ್‌ನಲ್ಲಿ ಕಳಿಸುವಾಗ ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡುತ್ತಾರೆ. ಒಂದಕ್ಕೊಂದು ಹತ್ತಿರ ಇರುವ ಕಪ್ಪು ಛಾಯೆಗಳನ್ನು ಸೇರಿಸಿ ಒಂದೇ ಮಾಡಿಬಿಡುತ್ತದೆ. ಹಿಮ, ಹೊಗೆ, ಜನ ಎಲ್ಲ ಒಟ್ಟಿಗೆ ಓಡಾಡುವಾಗ ಅದು ಇನ್ನೂ ಜಾಸ್ತಿ. ಅದು ಟಿವಿ ಸೆಟ್ಟಿಂಗ್‌ನಿಂದ ಹೋಗುವುದಿಲ್ಲ. ನೆಟ್ ಸ್ಪೀಡ್ ಕಡಿಮೆ ಇದ್ದರೆ ಇನ್ನೂ ಕೆಡುತ್ತದೆ. ಬ್ಲೂ-ರೇ ಡಿಸ್ಕ್‌ನಲ್ಲಿ ಎಷ್ಟೋ ವಾಸಿ.

ಕೌಲ್‌ಬಜಾರ್_ದರ್ಜಿ

ಕಿನ್ನಾಳ ಅಕ್ಕಾ, ಶಿಫ್ಟ್ ತಮ್ಮ ಹೇಳಿದ ಹಾಗೆ ಮಾಡಿ ನೋಡಿ ಹೇಳಿ. ನಿಮ್ಮ ಕಣ್ಣಿನ ಮೇಲೆ ನನಗೆ ಭರವಸೆ.

ಕಿನ್ನಾಳ_ಬಣ್ಣ

ನೋಡಿದೆ. ರಾತ್ರಿ ದೀಪ ಆರಿಸಿ, ಸಿನಿಮಾ ಮೋಡ್ ಹಾಕಿ.

ಬಹಳ ಫರಕ್ ಇದೆ. ಕ್ರಿಪ್ಟ್‌ನಲ್ಲಿ ಮಿಸ್ಸಾಂಡೆ ಮುಖದ ಮೇಲೆ ಪಂಜಿನ ಬೆಳಕು ಆಡುವುದು ಮೊದಲು ಕಂಡಿರಲಿಲ್ಲ, ಈಗ ಕಂಡಿತು. ಮೆಲಿಸಾಂಡ್ರಾ ಕಂದಕದ ಮುಂದೆ ಇದ್ದಾಗ ಅವಳ ಕೆಂಪು ಬಟ್ಟೆ ಈಗ ನಿಜವಾಗಿ ಕೆಂಪಾಗಿದೆ. ಮೋಡದ ಮೇಲಿನ ಬೆಳದಿಂಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಗೋಡೆಯ ಮೇಲಿನ ಕಾದಾಟ ಹಾಗೇ ಇದೆ. ಮುಖಗಳು ಮೊದಲಿಗಿಂತ ಚೂರು ತಿಳಿಯುತ್ತವೆ, ಆದರೆ ಯಾರು ಯಾವ ಕಡೆ ಇದ್ದಾರೆ ಅಂತ ಈಗಲೂ ಗೊತ್ತಾಗಲ್ಲ. ಡ್ರ್ಯಾಗನ್ ಜಗಳದಲ್ಲಿ ನೀಲಿ ಬೆಂಕಿ ಬಂದಾಗ ಮಾತ್ರ ಅದು ವಿಸೇರಿಯನ್ ಅಂತ ತಿಳಿಯಿತು. ಶಿಫ್ಟ್ ತಮ್ಮಾ, ನಿನಗೆ ಆಸೆ ಇದ್ದ ಜಗಳ ಟಿವಿಯಲ್ಲೂ ಪೂರ್ತಿ ಸಿಗಲ್ಲ. ನೀಲಿ ಬೆಂಕಿ ಹಿಡಿದುಕೊಂಡು ನೋಡು, ಅಷ್ಟು ಸಿಗುತ್ತದೆ.